ಮಿಣಿ

ಸರ್ವೇಯರ್ ಸಾಹೇಬರಿಗೆ ಬೇಕಾದ್ದು ನಾಲ್ಕೇ:
ನಂಬರ್ ಪ್ಲೇಟು, ಚಾಸಿ ನಂಬರು,
ಮುರಿದದ್ದು ಹತ್ತಿರದಿಂದ ಒಂದು,
ಇಡೀ ಗಾಡಿ ದೂರದಿಂದ ಒಂದು.
ಫೋಟೋಕ್ಕೆ ನಲವತ್ತು ರೂಪಾಯಿ, ಪೆಟ್ರೋಲು ನಂದೇ.

ಮದುವೆ ಆಲ್ಬಮ್ಮು ಫೋನಿನೊಳಗೆ ಹೋದ ಮೇಲೆ
ಭರಮಸಾಗರದ ನನ್ನ ಸ್ಟುಡಿಯೋ ಉಂಡದ್ದು ಇದೇ ಅನ್ನ.
ಗುಯಿಲಾಳು ಟೋಲಿನಿಂದ ಹೆಬ್ಬಾಳು ಟೋಲಿನ ತನಕ
ಎಲ್ಲಿ ಕೆಟ್ಟು ನಿಂತರೂ, ಎಲ್ಲಿ ಮಗುಚಿಕೊಂಡರೂ
ಮೊದಲು ಬುಡೇನ್ ಸಾಬರ ಕ್ರೇನು,
ಅದರ ಹೊಗೆಯ ಹಿಂದೆ ನನ್ನ ಎಕ್ಸೆಲ್ಲು.

ಐದನೆಯದೊಂದು ತೆಗೆಯುತ್ತಿದ್ದೆ, ಯಾರೂ ಕೇಳದ್ದು.
ಎಳೆಯುವ ಗಾಡಿಗೂ ಎಳೆಸಿಕೊಳ್ಳುವ ಗಾಡಿಗೂ ನಡುವಿನ
ಆ ಹತ್ತು ಹದಿನೈದು ಅಡಿ.
ಸರಪಳಿ, ಉಕ್ಕಿನ ವೈರು,
ಒಮ್ಮೆ ಐಮಂಗಲದ ಹತ್ತಿರ ಮೂರು ಸೀರೆ ಹೊಸೆದದ್ದು.
ನಮ್ಮಜ್ಜ ಕಂಡಿದ್ದರೆ ಎಲ್ಲಕ್ಕೂ ಒಂದೇ ಹೆಸರು ಅನ್ನುತ್ತಿದ್ದ:
ಮಿಣಿ.

ಮೊದಲು ಅದು ಟಾರಿನ ಮೇಲೆ ಸಡಿಲ ಬಿದ್ದಿರುತ್ತದೆ
ಗ್ರೀಸು ಮೆತ್ತಿಕೊಂಡು, ಯಾರದೋ ಎನ್ನುವ ಹಾಗೆ.
ಆಮೇಲೆ ಧೂಳು ಕೊಡವಿ ಮೇಲೇಳುತ್ತದೆ.
ನೆಟ್ಟಗಾಗುತ್ತದೆ, ನಡುಗುತ್ತದೆ.
ನಡುಕ ನಿಂತಿಲ್ಲ, ಹಿಂದಿನ ಚಕ್ರ ಇನ್ನೂ ಉರುಳಿಲ್ಲ,
ಆಗ ಒತ್ತಬೇಕು.
ಮೂರು ವರ್ಷದಲ್ಲಿ ಸಿಕ್ಕಿದ್ದು ಆರು ಸಲ.

ಇದು ನೋಡಿ, ಜೋಗಿಮಟ್ಟಿ ಕಡೆಯ ಏರು.
ಗಾಳಿಯಂತ್ರದ ಒಂದೇ ಒಂದು ರೆಕ್ಕೆ, ಮುಂದೆ ಎರಡು ಎಂಜಿನ್ನು.
ಗಾಳಿಗೆ ತಿರುಗಬೇಕಾದ್ದು
ಎಲೆಯಲುಗದ ಮಧ್ಯಾಹ್ನದಲ್ಲಿ ಡೀಸೆಲ್ಲಿಗೆ ಹತ್ತುತ್ತಿದೆ.
ಇದು ಹರಿಹರದ ಹೊಳೆ. ಬುಡ ತೂತಾದ ಹರಿಗೋಲನ್ನು
ಇನ್ನೊಂದು ಹರಿಗೋಲು ಎಳೆಯುತ್ತಿದೆ. ಎರಡೂ ದುಂಡಗೆ,
ಮುಂದು ಯಾವುದು ಹಿಂದು ಯಾವುದು
ಹೊಳೆಗೇ ಗೊತ್ತಿದ್ದಂತಿಲ್ಲ.

ಎಳೆಸಿಕೊಳ್ಳುವ ಲಾರಿಯೊಳಗೂ ಒಬ್ಬ ಕೂತಿರುತ್ತಾನೆ,
ಜನಕ್ಕೆ ಮರೆತುಹೋಗುತ್ತದೆ.
ಎಂಜಿನ್ನಿಲ್ಲ, ಬ್ರೇಕಿಗೆ ಗಾಳಿಯಿಲ್ಲ, ಹಾರ್ನೂ ಸತ್ತಿದೆ,
ಆದರೂ ಸ್ಟೇರಿಂಗು ಬಿಡುವಂತಿಲ್ಲ.
ಮುಂದಿನವನು ಹೊರಳಿದತ್ತಲೇ ಹೊರಳಬೇಕು,
ಹೊರಳಿಸುವ ಕೈ ಮಾತ್ರ ತನ್ನದೇ.
ಆ ಮುಖ ಬಹಳ ತೆಗೆದಿದ್ದೇನೆ.
ಒಬ್ಬನೂ ಕ್ಯಾಮೆರಾ ನೋಡಿಲ್ಲ.

ಟೀ ಅಂಗಡಿಯಲ್ಲಿ ಬುಡೇನ್ ಸಾಬರು ಕೇಳಿದರು,
"ಅದರಾಗೆ ನಂದೊಂದು ಐತಾ?"
ಹುಡುಕಿದೆ. ಮುನ್ನೂರ ಹನ್ನೊಂದು ಫೋಟೋದಲ್ಲಿ
ಸಿಕ್ಕಿದ್ದು ಕ್ಯಾಬಿನ್ನಿನ ಬಾಗಿಲಿಗೆ ಆನಿಸಿದ ಒಂದು ಮೊಣಕೈ,
ಮೇಲೆ ಕಪ್ಪು ದಾರದ ತಾಯತ.
ಬಗ್ಗಿ ನೋಡಿದರು, ತೋಳು ಮುಟ್ಟಿ ನೋಡಿಕೊಂಡರು.
"ನಂದೇ ಕಣಣ್ಣ. ಸಾಕ್ ಬಿಡು.
ಎಳೆಯೋನಿಗೆ ಮುಖ ಯಾತಕ್ಕೆ."
ಬನ್ನು ಅದ್ದಿಕೊಂಡು ತಿಂದರು.

ಮೊನ್ನೆ ರಾತ್ರಿ, ದುರ್ಗ ದಾಟಿ, ಲಕ್ಷ್ಮೀಸಾಗರದ ಹತ್ತಿರ
ನನ್ನ ಎಕ್ಸೆಲ್ಲೇ ಕೈಕೊಟ್ಟಿತು.
ಯಾರೋ ಹುಡುಗ, ಪಲ್ಸರಿನವನು, ಏನೆಂದೂ ಕೇಳದೆ
ಎಡಗಾಲು ಚಾಚಿ ನನ್ನ ಹಿಂದಿನ ಫುಟ್‌ರೆಸ್ಟಿಗೆ ಒತ್ತುಕೊಟ್ಟ.
ಮಿಣಿ ಇಲ್ಲ, ಸದ್ದಿಲ್ಲ,
ಹ್ಯಾಂಡಲ್ ಹಿಡಿದುಕೊಂಡು ನಾನು
ಸುಮ್ಮನೆ ಹೋಗುತ್ತಿದ್ದೆ, ಅಷ್ಟೆ.
ಕ್ಯಾಮೆರಾ ಹೊಟ್ಟೆಗೆ ಬಡಿಯುತ್ತಿತ್ತು.
ಎದುರು ಲಾರಿಯ ಬೆಳಕು ಬಿದ್ದಾಗೆಲ್ಲ
ನಮ್ಮಿಬ್ಬರ ನೆರಳು ಒಂದೇ ಗಾಡಿ.

ಭರಮಸಾಗರದ ಕ್ರಾಸಿನಲ್ಲಿ ಕಾಲು ತೆಗೆದ.
ನಾನಿನ್ನೂ ಇಪ್ಪತ್ತು ಮಾರು ತಾನಾಗೇ ಉರುಳಿದೆ,
ಹೆಸರು ಕೇಳುವ ಮೊದಲೇ
ಕೆಂಪು ದೀಪ ದಾವಣಗೆರೆ ಕಡೆಗೆ.

ಬೆಳಿಗ್ಗೆ ನೋಡಿದರೆ ಫುಟ್‌ರೆಸ್ಟಿನ ರಬ್ಬರಿಗೆ
ಹವಾಯಿ ಚಪ್ಪಲಿಯ ಮಣ್ಣು, ಅರ್ಧ ಅಚ್ಚು.
ತೆಗೆದೆ.
ಹತ್ತಿರದಿಂದ ಒಂದು,
ದೂರದಿಂದ ಒಂದು.